ಊಟ ಇಲ್ಲ ಅಂದ ದಿನ

ನನ್ನ ಮಾವನವರಿಗೆ ಖಾಲಿ ಪಂಕ್ತಿ ಕಂಡರೆ ಆಗುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಖಾನಾವಳಿಯ ಬೆಂಚುಗಳ ಮೇಲೆ ಯಾರೂ ಇಲ್ಲವೆಂದರೆ ತಾವೇ ಒಂದು ತಾಟು ಹಾಕಿಕೊಂಡು ಬಾಗಿಲಿಗೆ ಕಾಣುವ ಹಾಗೆ ಕುಳಿತುಬಿಡುತ್ತಾರೆ. ಉಣ್ಣುವುದಿಲ್ಲ. ರೊಟ್ಟಿಯ ಒಂದು ಚೂರು ಮುರಿದು ಅದನ್ನು ಪುಂಡಿಪಲ್ಯದ ಸುತ್ತ ತಿರುಗಿಸುತ್ತ ಇರುತ್ತಾರೆ. ಯಾರಾದರೂ ಒಳಗೆ ಬಂದರೆ, "ಬರ್ರಿ, ಈಗ ಕುಂತೀವಿ, ಸರಿಯಾದ ಹೊತ್ತಿಗೆ ಬಂದ್ರಿ" ಎನ್ನುತ್ತಾರೆ. ಎರಡನೆಯವರು ಬರುವ ತನಕ ಏಳುವುದಿಲ್ಲ. ಒಬ್ಬರನ್ನೇ ಕೂರಿಸಿ ಬಡಿಸಿದರೆ ಅದು ಉಣಿಸಿದ ಹಾಗಲ್ಲ, ಬರೀ ಹೊಟ್ಟೆ ತುಂಬಿಸಿ ಕಳಿಸಿದ ಹಾಗೆ ಎಂದು ಅವರ ಲೆಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಆಮೇಲಾಮೇಲೆ ಸಿಟ್ಟು ಬರುತ್ತಿತ್ತು, ಏಕೆಂದರೆ ಆ ತಾಟನ್ನು ತೊಳೆಯುವವಳು ನಾನು.

ನಾವು ಕಲಬುರಗಿ ಕಡೆಯವರು, ಇರುವುದು ಹೈದರಾಬಾದಿನಲ್ಲಿ. ಅಬಿಡ್ಸ್‌ನಿಂದ ಸ್ವಲ್ಪ ಮುಂದೆ, ದೊಡ್ಡ ರಸ್ತೆಗೆ ಮುಖಮಾಡಿದ ಅಂಗಡಿ ಸಾಲಿನಲ್ಲಿ ನಮ್ಮ ಜೋಳದ ರೊಟ್ಟಿ ಖಾನಾವಳಿ. ಮುಂದೆ ಬೆಂಚು ಹಾಕಿದ ಕೋಣೆ, ಹಿಂದೆ ಒಲೆ, ಒಲೆಯ ಪಕ್ಕದಲ್ಲೇ ನಾವು ಮಲಗುವ ಕೋಣೆ. ಅತ್ತೆ ತೀರಿಕೊಂಡ ಮೇಲೆ ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು, ಕರೆದು ಕೂರಿಸುವ ಕೆಲಸ ಮೊದಲಿನಿಂದಲೂ ಮಾವನವರದು. ನನ್ನ ಗಂಡ ಒಂದು ಬಟ್ಟೆ ಅಂಗಡಿಯಲ್ಲಿ ಸಂಬಳಕ್ಕಿದ್ದಾರೆ. ಖಾನಾವಳಿಯ ವಿಷಯ ಬಂದರೆ "ನೀವಿಬ್ಬರೂ ಏನ ಮಾಡ್ತೀರಿ ಮಾಡ್ರಿ" ಎಂದು ಟಿಫಿನ್ ಡಬ್ಬಿ ಹಿಡಿದು ಹೊರಟುಬಿಡುತ್ತಾರೆ.

ಬಾಗಿಲ ಪಕ್ಕದಲ್ಲಿ ಒಂದು ನೀಲಿ ಡ್ರಮ್ಮಿದೆ. ಮೇಲೆ ಮುಚ್ಚಳ, ಮುಚ್ಚಳದ ಮೇಲೆ ದಾರ ಕಟ್ಟಿದ ಸ್ಟೀಲ್ ಚೊಂಬು. ಬಂದವರು ಅಲ್ಲಿ ಕೈ ತೊಳೆದುಕೊಂಡೇ ಒಳಗೆ ಬರಬೇಕು. ಮಾವನವರ ಮತ್ತೊಂದು ಕಟ್ಟಳೆ ಈ ಡ್ರಮ್ಮಿಗೆ ಸೇರಿದ್ದು. ನಮ್ಮ ನೀರಿನಲ್ಲಿ ಕೈ ತೊಳೆದವನು ನಮ್ಮ ಪಂಕ್ತಿಯವನು, ಅವನನ್ನು ಉಣಿಸದೆ ಕಳಿಸುವಂತಿಲ್ಲ. ದುಡ್ಡಿಲ್ಲ ಎಂದರೂ ಇಲ್ಲ, ಪಲ್ಯ ಮುಗಿದಿದೆ ಎಂದರೂ ಇಲ್ಲ. ಪಲ್ಯ ಮುಗಿದರೆ ಶೇಂಗಾ ಹಿಂಡಿ, ಹಿಂಡಿ ಮುಗಿದರೆ ಕೆಂಪು ಖಾರ ಮತ್ತು ಎಣ್ಣೆ, ಏನೋ ಒಂದು. ಅವರ ತಂದೆ ಊರಿನಲ್ಲಿ ಹಾಗೆ ಮಾಡುತ್ತಿದ್ದರಂತೆ. ಆ ತಂದೆಯನ್ನು ನಾನು ನೋಡಿಲ್ಲ, ಆದರೆ ಅವರ ಮೇಲೂ ನನಗೆ ಸಿಟ್ಟಿತ್ತು.

ಆಮೇಲೆ ನಮ್ಮ ರಸ್ತೆಗೆ ಫ್ಲೈಓವರ್ ಬಂತು. ಬಂತು ಎನ್ನುವುದು ತಪ್ಪು, ಬರಲು ಶುರುವಾಯಿತು. ಮೊದಲು ನಮ್ಮ ಮುಂದೆ ತಗಡು ನಿಂತಿತು. ಆಳೆತ್ತರಕ್ಕೂ ಮೇಲೆ, ನೀಲಿ ಬಣ್ಣದ್ದು, ಸಾಲು ಅಂಗಡಿಗಳಿಗೆಲ್ಲ ಒಂದೇ ಗೋಡೆ. ತಗಡಿಗೂ ನಮ್ಮ ಮೆಟ್ಟಿಲಿಗೂ ನಡುವೆ ಒಬ್ಬರು ಹೋಗುವಷ್ಟು ದಾರಿ, ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೊಬ್ಬರು ಅಂಗಡಿಯ ಮೆಟ್ಟಿಲೇರಿ ನಿಲ್ಲಬೇಕು. ತಗಡಿನ ಆ ಕಡೆ ಜೆಸಿಬಿ, ಕಬ್ಬಿಣ, ಕಾಂಕ್ರೀಟು, ಇಡೀ ದಿನದ ಸದ್ದು. ಧೂಳು ಎಲ್ಲೆಲ್ಲಿ ಹೊಕ್ಕಿತು ಎಂದರೆ, ಮುಚ್ಚಿಟ್ಟ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒರೆಸಿಕೊಳ್ಳಬೇಕಿತ್ತು.

ಗಿರಾಕಿಗಳು ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಬೈಕಿನವರು ಹೋದರು, ನಿಲ್ಲಿಸಲು ಜಾಗವಿಲ್ಲ. ಆಮೇಲೆ ವಯಸ್ಸಾದವರು. ಐಟಿ ಕಂಪನಿಗಳಿರುವ ಮಾದಾಪುರದಿಂದ ಭಾನುವಾರಕ್ಕೊಮ್ಮೆ ರೊಟ್ಟಿ ಉಣ್ಣಲು ಬರುತ್ತಿದ್ದ ನಮ್ಮ ಕಡೆಯ ಎಂಜಿನಿಯರ್ ಹುಡುಗರ ಗುಂಪೊಂದಿತ್ತು. ಅವರೊಮ್ಮೆ ಫೋನು ಮಾಡಿ, "ಅಕ್ಕಾರ, ನಿಮ್ಮ ಖಾನಾವಳಿ ಮ್ಯಾಪಿನಾಗ ಐತಿ, ಕಣ್ಣಿಗಿ ಕಾಣವಲ್ದು" ಎಂದರು. ಎಲ್ಲೋ ಸುತ್ತಿ ಸುತ್ತಿ ಕೊನೆಗೆ ಬಿರಿಯಾನಿ ತಿಂದು ಹೋದರಂತೆ. ನಾನು ನಕ್ಕೆ. ಫೋನು ಇಟ್ಟ ಮೇಲೆ ನೋಡಿದರೆ ಮಾವನವರು ಬಾಗಿಲಿಗೆ ಕಾಣುವ ಹಾಗೆ ತಾಟು ಹಾಕಿಕೊಂಡು ಕುಳಿತಿದ್ದರು. ಬಾಗಿಲಿನಿಂದ ಕಾಣುವುದು ಈಗ ತಗಡು ಮಾತ್ರ. ತಗಡಿಗೆ ಕಾಣುವ ಹಾಗೆ ಕುಳಿತಿದ್ದರು.

ನಮ್ಮ ಎಡಕ್ಕೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅದರ ಚಾಚಾ ನನ್ನ ಮಾವನವರಿಗಿಂತ ತುಸು ಚಿಕ್ಕವರು. ಹುಟ್ಟಿದ್ದು ಬೆಳೆದದ್ದು ಹೈದರಾಬಾದಿನಲ್ಲೇ, ಆದರೆ ತಾಯಿಯ ಊರು ಬೀದರಿನ ಕಡೆ, ಹಾಗಾಗಿ ಕನ್ನಡ ಬರುತ್ತದೆ. ನಮ್ಮ ಪರಿಸ್ಥಿತಿಗಿಂತ ಅವರದು ಕೆಟ್ಟಿತ್ತು. ರೊಟ್ಟಿ ಉಣ್ಣಲು ಒಬ್ಬ ಮನುಷ್ಯ ನಡೆದು ಬರಬಹುದು, ಹೊಲಿಗೆ ಯಂತ್ರ ಹೊತ್ತು ಯಾರು ಬರುತ್ತಾರೆ? ಹೆಂಗಸರು ಆಟೋದಲ್ಲಿ ಇಟ್ಟುಕೊಂಡು ತರಬೇಕು, ಆಟೋ ಬರುವ ದಾರಿ ಇಲ್ಲ. ಅಂಗಡಿ ಮುಚ್ಚಿದರೆ ಈ ವಯಸ್ಸಿನಲ್ಲಿ ಹಳೇ ಪಟ್ಟಣದಲ್ಲಿ ಯಾರದೋ ಕೈಕೆಳಗೆ ಸ್ಟೂಲಿನ ಮೇಲೆ ಕೂರಬೇಕು ಎಂದು ಅವರೇ ಒಮ್ಮೆ ಹೇಳಿದ್ದರು. ಕಟ್ಟಡದ ಮಾಲೀಕ ಆಗಲೇ ಒಂದು ಸುತ್ತು ಬಂದು, ನಡೆಸುತ್ತೀರೋ ಬಿಡುತ್ತೀರೋ ಎಂದು ಕೇಳಿಹೋಗಿದ್ದ.

ಸರ್ಕಾರದ ಸಹಾಯದ ಸುದ್ದಿ ತಂದವರೂ ಚಾಚಾನೇ. ರಸ್ತೆ ಕೆಲಸದಿಂದ ವ್ಯಾಪಾರ ಕೆಟ್ಟ ಸಣ್ಣ ಅಂಗಡಿಗಳಿಗೆ ಏನೋ ಕೊಡುತ್ತಾರಂತೆ, ಅರ್ಜಿ ಹಾಕಬೇಕಂತೆ. ಮಾವನವರು ಕೇಳಿಸಿಕೊಂಡು, "ನಾವು ಉಣಸೂ ಮಂದಿ, ಬೇಡೂ ಮಂದಿ ಅಲ್ಲ" ಎಂದರು. ನನಗೆ ತಲೆ ಕೆಟ್ಟಿತು.

"ಉಣಸಾಕ ಮಂದಿ ಎಲ್ಲೈತ್ರಿ ಮಾವಾರ? ತಗಡಿಗೆ ಉಣಸ್ತೀರೇನು?" ಎಂದೆ.

ಮಾರನೆಯ ದಿನ ಅವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಟೋಪಿ ಹಾಕಿ, ಚಾಚಾನ ಜೊತೆ ಕಚೇರಿಗೆ ಹೊರಟರು. ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ತಿರುಗಿ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕುವಾಗ, "ಸಾಲಿನ್ಯಾಗ ನಮ್ಮ ಪರಿಚಯದವರು ಇದ್ರು. ಮುಖ ಆ ಕಡೆ ಮಾಡಿದ್ರು. ನಾನೂ ಮಾಡಿದೆ" ಎಂದಷ್ಟೇ ಹೇಳಿದರು. ಕಳಿಸಿದವಳು ನಾನೇ ಆದ್ದರಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಮಜ್ಜಿಗೆ ಕೊಟ್ಟು ಒಲೆಯ ಕಡೆ ಹೋದೆ.

ಅರ್ಜಿ ಹಾಕಿದರೆ ಮುಗಿಯಲಿಲ್ಲ. ಒಬ್ಬ ಅಧಿಕಾರಿ ಬಂದು ನೋಡುತ್ತಾರೆ, ವ್ಯಾಪಾರದ ಹೊತ್ತಿಗೆ ಬರುತ್ತಾರೆ, ಪೂರ್ತಿ ಸಾಲು ಓಡಾಡಿ ಈ ಸಾಲು ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂದು ಬರೆದುಕೊಳ್ಳುತ್ತಾರೆ ಎಂದು ತಿಳಿಯಿತು. ಒಂದೊಂದು ಅಂಗಡಿಗೆ ಒಂದೊಂದು ಮಾತಿಲ್ಲ, ಸಾಲಿಗೆಲ್ಲ ಒಂದೇ ಮಾತು. ನಮ್ಮ ಸಾಲಿಗೆ ಊಟದ ಹೊತ್ತಿಗೆ ಬರುತ್ತೇವೆ ಎಂದು ಹಿಂದಿನ ದಿನವೇ ಫೋನು ಬಂತು.

ಇಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ. ಬೇರೆ ಯಾವ ಮನೆಯವರಾದರೂ ಅಂದು ಬೆಂಚು ಖಾಲಿ ಬಿಟ್ಟು, ಒಲೆ ಆರಿಸಿ, ಅಳುಮುಖ ಮಾಡಿಕೊಂಡು ಕುಳಿತಿರುತ್ತಿದ್ದರು. ನನ್ನ ಮಾವನವರ ತಲೆಯಲ್ಲಿ ಅಧಿಕಾರಿ ಎಂದರೆ ಊಟದ ಹೊತ್ತಿಗೆ ಬರುವ ಅತಿಥಿ. ಅತಿಥಿಯನ್ನು ಒಬ್ಬನನ್ನೇ ಖಾಲಿ ಪಂಕ್ತಿಯಲ್ಲಿ ಕೂರಿಸುವುದು ಹೇಗೆ?

"ಯವ್ವಾ, ನಾಳೆ ರೊಟ್ಟಿ ಜಾಸ್ತಿ ಬಡೀಬೇಕು" ಎಂದರು. "ಸರ್ಕಾರದ ಮಂದಿ ಬರಾಕತ್ತಾರ. ಖಾಲಿ ಖಾನಾವಳಿ ನೋಡಿ ಇವರೇನ ಉಣಸ್ತಾರ ಅಂದುಕೊಂಡ್ರ ನಮ್ಮ ಮಾನ ಏನ ಉಳೀತು?"

ತಡೆಯಬೇಕಿತ್ತು, ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳೂ ಅಲ್ಲ. ಆದರೆ ನಿಜ ಹೇಳುತ್ತೇನೆ, ನನಗೂ ಆ ಖಾಲಿ ಬೆಂಚುಗಳನ್ನು ಹೊರಗಿನವರು ನೋಡುವುದು ಬೇಡವಾಗಿತ್ತು. ಎಷ್ಟೋ ದಿನಗಳಿಂದ ಕೈಗೆ ಕೆಲಸವಿರಲಿಲ್ಲ. ಎಣಗಾಯಿಗೆ ಬದನೆಕಾಯಿ ಆರಿಸುವಾಗ, ಎಳ್ಳು ಹುರಿಯುವಾಗ ಹಬ್ಬದ ಖುಷಿಯಾಯಿತು. ಯಾರು ಬರುತ್ತಿದ್ದಾರೆ, ಏಕೆ ಬರುತ್ತಿದ್ದಾರೆ ಎನ್ನುವುದೇ ಮರೆತುಹೋಯಿತು.

ಪಂಕ್ತಿ ತುಂಬಲು ಮಂದಿ ಬೇಕಲ್ಲ, ಮಾವನವರು ತಗಡಿನ ಸಂದಿಯಲ್ಲಿ ತಲೆ ಹಾಕಿದರು. ಆ ಕಡೆ ಕಬ್ಬಿಣ ಕಟ್ಟುತ್ತಿದ್ದವರು, ಮಣ್ಣು ಹೊರುತ್ತಿದ್ದವರು ಹೆಚ್ಚಾಗಿ ಯಾದಗಿರಿ, ರಾಯಚೂರು ಕಡೆಯವರು. ದಿನವೂ ನಮಗೆ ಅವರ ಮಾತು ಕೇಳುತ್ತಿತ್ತು, ಅವರಿಗೆ ನನ್ನ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತಂತೆ. "ಇವತ್ತ ನಮ್ಮನ್ಯಾಗ ಊಟ, ಎಲ್ಲಾರೂ ಬರ್ರಿ" ಎಂದು ಮಾವನವರು ಕರೆದರು. ಕಿತ್ತಳೆ ಬಣ್ಣದ ಜಾಕೀಟು ಹಾಕಿದ ಗಂಡಸರು, ಸೆರಗಿನ ಮೇಲೆ ಹಳದಿ ಹೆಲ್ಮೆಟ್ ಇಟ್ಟುಕೊಂಡ ಹೆಂಗಸರು ಸಂಕೋಚದಿಂದ ಒಬ್ಬೊಬ್ಬರೇ ಬಂದು ಡ್ರಮ್ಮಿನಲ್ಲಿ ಕೈ ತೊಳೆದರು. ಅವರಲ್ಲಿ ಒಬ್ಬಳು ನನ್ನ ವಯಸ್ಸಿನವಳು, ಹೆಲ್ಮೆಟ್ ತೆಗೆದು ಬೆಂಚಿನ ಕೆಳಗೆ ಜೋಪಾನವಾಗಿಟ್ಟು ಕುಳಿತಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿ, "ಅಕ್ಕಾರ, ನಮ್ಮವ್ವನ ಕೈಯಾಗ ಉಂಡಂಗಾತ್ರಿ" ಎಂದಳು.

ಅಷ್ಟರಲ್ಲಿ ಅಧಿಕಾರಿ ಬಂದರು. ಚಿಕ್ಕ ವಯಸ್ಸಿನವರು, ಕೈಯಲ್ಲಿ ಟ್ಯಾಬ್, ಬೂಟಿಗೆಲ್ಲ ಕೆಸರು. ಬಾಗಿಲಲ್ಲಿ ನಿಂತರೆ ಒಳಗೆ ಕಾಲಿಡಲು ಜಾಗವಿಲ್ಲ. ಮಾವನವರು ತಮ್ಮ ಪಕ್ಕದಲ್ಲೇ ಅವರಿಗೆ ಜಾಗ ಮಾಡಿ ಕೂರಿಸಿದರು. ಅವರು ಬೇಡ ಬೇಡ ಎನ್ನುತ್ತಲೇ ಚೆನ್ನಾಗಿ ಉಂಡರು. ಕೈ ತೊಳೆದುಕೊಂಡು, ತುಂಬಿದ ಪಂಕ್ತಿಯ ಫೋಟೊ ತೆಗೆದುಕೊಂಡು, "ಬಾಗುಂದಿ ಗದಾ ಮೀ ವ್ಯಾಪಾರಂ" ಎಂದರು. ನಿಮ್ಮ ವ್ಯಾಪಾರ ಚೆನ್ನಾಗೇ ಇದೆಯಲ್ಲ, ರಸ್ತೆ ಕೆಲಸದಿಂದ ನಿಮಗೆ ಗಿರಾಕಿಗಳೇ ಸಿಕ್ಕಂತಾಯಿತಲ್ಲ ಎಂದು ಹೊಗಳಿಯೇ ಹೇಳಿದರು. ಮಾವನವರು ಕೈಮುಗಿದು, "ಅಂತಾ ಮೀ ದಯ" ಎಂದರು, ಎಲ್ಲ ನಿಮ್ಮ ದಯೆ ಎಂದು.

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. ಎಂಥಾ ಕೆಲಸ ಮಾಡಿಕೊಂಡೆವು ಎನ್ನುವುದು ಆಗ ಹೊಳೆಯಿತು. ಹೊರಗೆ ಓಡಿ ಹೋಗಿ, ಸಾಹೇಬರೇ, ಇವರು ಗಿರಾಕಿಗಳಲ್ಲ, ನಾವೇ ಕರೆದು ಕೂರಿಸಿದ್ದು ಎಂದು ಹೇಳಬಹುದಿತ್ತು. ಉಣ್ಣುತ್ತ ಕುಳಿತವರ ಎದುರಿಗೆ ಆ ಮಾತು ಹೇಗೆ ಆಡುವುದು? ಕೈಯಲ್ಲಿದ್ದ ಉಂಡೆಯನ್ನು ಮತ್ತೆ ಬಡಿಯತೊಡಗಿದೆ.

ಆ ದಿನದಿಂದ ಕೆಲಸದವರು ದಿನಾ ಬರತೊಡಗಿದರು. ಪುಕ್ಕಟೆ ಅಲ್ಲ, ಮಾವನವರು ಅವರಿಗೆ ಹೊಂದುವ ಹಾಗೆ ದರ ಇಳಿಸಿದರು. ಉಳಿದದ್ದು ಎಷ್ಟು ಎಂದು ನಾನು ಕೇಳಲಿಲ್ಲ, ಕೇಳುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಆದರೂ ಒಲೆ ಉರಿಯುತ್ತಿತ್ತು. ಹೆಲ್ಮೆಟ್ಟಿನವಳು ಉಂಡಾದ ಮೇಲೆ ಒಲೆಯ ಹತ್ತಿರ ಬಂದು ಎರಡು ಮಾತಾಡಿಯೇ ಹೋಗುತ್ತಿದ್ದಳು. ಮಾವನವರನ್ನು ಯಪ್ಪಾ ಎಂದು ಕರೆಯುತ್ತಿದ್ದಳು.

ಅಕ್ಕಪಕ್ಕದ ಸಾಲುಗಳಿಗೆಲ್ಲ ಸಹಾಯ ಮಂಜೂರಾಯಿತು. ನಮ್ಮ ಸಾಲಿಗೆ ಆಗಲಿಲ್ಲ. ವಿಚಾರಿಸಿ ಬಂದವರು ಚಾಚಾ. ಸಂಜೆ ಬಂದು ಬೆಂಚಿನ ತುದಿಯಲ್ಲಿ ಕುಳಿತರು. ಎಂದಿನಂತೆ ಚಹಾ ಕುಡಿದರು, ಲೋಟ ಕೆಳಗಿಟ್ಟರು, ಆಮೇಲೆ ಹೇಳಿದರು.

"ಫೋಟೊ ತೋರಿಸಿದ್ರು ಭಾಯಿ. ನಿಮ್ಮ ಖಾನಾವಳೀದು. ಇಷ್ಟು ಭರ್ತಿ ಐತಿ, ಈ ಸಾಲಿಗೆ ಏನ ತೊಂದ್ರಿ ಆಗೈತಿ ಅಂದ್ರು."

ಅವರು ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಅಧಿಕಾರಿ ಬಂದ ದಿನ ಅವರ ಅಂಗಡಿ ಹೇಗಿತ್ತು ಎಂದು ನನಗೆ ಗೊತ್ತಿತ್ತು: ರಿಪೇರಿಗೆ ಬಾರದ ಯಂತ್ರಗಳ ಜಾಗದಲ್ಲಿ, ರಿಪೇರಿಯಾಗಿ ಯಾರೂ ಒಯ್ಯದ ಯಂತ್ರಗಳು ಧೂಳಿನ ಬಟ್ಟೆ ಹೊದ್ದು ಕುಳಿತಿದ್ದವು. ಅದನ್ನೂ ಅಧಿಕಾರಿ ನೋಡಿದ್ದರು. ಆದರೆ ನಮ್ಮ ಎಣಗಾಯಿಯ ಘಮ ಅದನ್ನು ಮುಚ್ಚಿಬಿಟ್ಟಿತ್ತು. ಸಾಲಿನ ಎಲ್ಲ ಅಂಗಡಿಯವರ ಮುಖ ಒಂದೊಂದಾಗಿ ನೆನಪಾಯಿತು, ನಾಳೆ ಹಾಲಿಗೆ ಹೊರಗೆ ಹೋಗುವುದು ಹೇಗೆ ಎನಿಸಿತು. ನಾಚಿಕೆಯಿಂದ ಬೆವರುವುದು ಎಂದರೆ ಏನೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

"ಇನ್ನೊಂದ ಸರ್ತಿ ಬರ್ತಾರಂತ. ಹೇಳದ ಬರ್ತಾರೋ ಹೇಳಿ ಬರ್ತಾರೋ ತಿಳೀದು" ಎಂದರು ಚಾಚಾ. ಆಮೇಲೆ ಮಾವನವರ ಮೊಣಕಾಲ ಮೇಲೆ ಕೈಯಿಟ್ಟು, "ಒಂದ ದಿನ, ಒಂದ ಹೊತ್ತು, ಖಾಲಿ ಇರ್ರಿ ಭಾಯಿ. ಅಷ್ಟ ಮಾಡ್ರಿ ನನಗ" ಎಂದರು.

ಮಾವನವರು ಆ ಕೈಯ ಮೇಲೆ ತಮ್ಮ ಕೈಯಿಟ್ಟರು. ಮಾತು ಕೊಟ್ಟಂತಾಯಿತು.

ಹೇಳಿಯೇ ಬಂದರು, ಆದರೆ ಹೊತ್ತು ಕೊಡಲಿಲ್ಲ. ಫೋನು ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು, ನನ್ನ ರೊಟ್ಟಿ ಎಲ್ಲ ಆಗಿಬಿಟ್ಟಿದ್ದವು. ಬೆಳಿಗ್ಗೆಯಿಂದ ಬಡಿದು ಬುಟ್ಟಿಗೆ ಹಾಕಿದ್ದೆ, ಬುಟ್ಟಿ ತುಂಬಿ ಮೇಲೆ ಬಂದಿತ್ತು. ಅಧಿಕಾರಿ ಸಾಲಿನ ಆ ತುದಿಯಿಂದ ಶುರು ಮಾಡಿದ್ದಾರೆ ಎಂದು ಚಾಚಾ ಓಡಿ ಬಂದು ಹೇಳಿದರು. ನಾನು ಒಲೆ ಆರಿಸಿದೆ. ಬುಟ್ಟಿಯನ್ನು ಎಳೆದು ಒಳಗೆ ಮಲಗುವ ಕೋಣೆಗೆ ಒಯ್ದು ಮಂಚದ ಪಕ್ಕದಲ್ಲಿಟ್ಟು ಒಂದು ಬಟ್ಟೆ ಮುಚ್ಚಿದೆ. ಪಲ್ಯದ ಬೋಗುಣಿಗಳನ್ನು ಮಂಚದ ಕೆಳಗೆ ತಳ್ಳಿದೆ. ಕದ್ದ ಮಾಲು ಬಚ್ಚಿಡುವವರ ಹಾಗೆ ನನ್ನದೇ ಮನೆಯಲ್ಲಿ ನಾನೇ ಬಡಿದ ರೊಟ್ಟಿಯನ್ನು ಬಚ್ಚಿಟ್ಟೆ.

ಹೊರಗೆ ತಗಡಿನ ಆ ಕಡೆ ಸದ್ದು ನಿಂತಿತು. ಸದ್ದು ನಿಂತಿತೆಂದರೆ ಅವರ ಊಟದ ಹೊತ್ತು.

"ನಾ ಹೇಳಿ ಬರ್ತೀನ್ರಿ ಮಾವಾರ" ಎಂದೆ.

"ಬ್ಯಾಡ" ಎಂದರು. "ಕರದಾವ ನಾನು. ಇಲ್ಲ ಅನ್ನೂದೂ ನಾನ ಅನಬೇಕು."

ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತೆ. ಮಾವನವರು ಬಾಗಿಲಿಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಕೆಲಸದವರು ಆಗಲೇ ಬಂದು ಡ್ರಮ್ಮಿನ ಸುತ್ತ ನಿಂತಿದ್ದರು. ಚೊಂಬು ಕೈಯಿಂದ ಕೈಗೆ ಹೋಗುತ್ತಿತ್ತು. ಸಿಮೆಂಟು ಮೆತ್ತಿದ ಕೈಗಳನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು, ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಮೊದಲು ತೊಳೆದವರು ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದರು.

ಮಾವನವರು ಬಾಗಿಲಿಗೆ ಅಡ್ಡವಾಗಿ ನಿಂತರು. ಅಷ್ಟು ವರ್ಷಗಳಲ್ಲಿ ಅವರು ಆ ಬಾಗಿಲಲ್ಲಿ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಯಾವಾಗಲೂ ಪಕ್ಕಕ್ಕೆ ಸರಿದು, ಒಂದು ಕೈ ಒಳಗೆ ತೋರಿಸುತ್ತ ನಿಲ್ಲುವ ಮನುಷ್ಯ.

"ಇವತ್ತ ಊಟ ಇಲ್ಲ" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿನವರಿಗೆ ಕೇಳಲಿಲ್ಲ, ಇನ್ನೂ ಕೈ ತೊಳೆಯುತ್ತಲೇ ಇದ್ದರು. ಮತ್ತೆ ಹೇಳಬೇಕಾಯಿತು. "ಊಟ ಇಲ್ರಿ ಇವತ್ತ."

ಒಬ್ಬ, "ಕೈ ತೊಳಕೊಂಡೀವಲ್ರಿ" ಎಂದ. ಜಗಳಕ್ಕೆ ಅಂದದ್ದಲ್ಲ, ಈಗೇನು ಮಾಡುವುದು ಎನ್ನುವ ಹಾಗೆ ತನ್ನ ಕೈಗಳನ್ನೇ ನೋಡಿಕೊಂಡು ಅಂದ. ಮಾವನವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಹೆಲ್ಮೆಟ್ಟಿನವಳು ಮುಂದೆ ಬಂದಳು. "ಯಾಕ್ರಿ ಯಪ್ಪಾ? ಅಕ್ಕಾರಿಗೆ ಆರಾಮ ಇಲ್ಲೇನ್ರಿ?"

ಅವಳೇ ಒಂದು ಕಾರಣ ಹುಡುಕಿ ಅವರ ಕೈಗಿಟ್ಟಳು. ಅವರು ಅದನ್ನು ಹಿಡಿದುಕೊಂಡರು. "ಹೂಂ, ಆರಾಮ ಇಲ್ಲ ಆಕೀಗಿ. ಮಲಗ್ಯಾಳ" ಎಂದರು. ಪರದೆಯ ಹಿಂದೆ ಗಟ್ಟಿಮುಟ್ಟಾಗಿ ನಿಂತಿದ್ದ ನಾನು ಉಸಿರು ಬಿಗಿಹಿಡಿದೆ. ಅವರು ಪಾಪ ಪಾಪ ಎನ್ನುತ್ತ ಹಿಂದೆ ಸರಿದರು. ಇಬ್ಬರು ಬಿಸ್ಕತ್ತು ತರಲು ಹೋದರು, ಉಳಿದವರು ಅರ್ಧ ಎದ್ದ ಪಿಲ್ಲರಿನ ನೆರಳಿಗೆ ಹೋಗಿ ಕುಳಿತರು. ತಗಡಿನ ಸಂದಿಯಲ್ಲಿ ನನಗೆ ಅವರ ಬೆನ್ನು ಕಾಣುತ್ತಿತ್ತು.

ಅಧಿಕಾರಿ ಬಂದರು. ಹಿಂದಿನವರಲ್ಲ, ಬೇರೆಯವರು. ಖಾಲಿ ಬೆಂಚು ನೋಡಿದರು, ಆರಿದ ಒಲೆ ನೋಡಿದರು, ಬರೆದುಕೊಂಡರು, ಹೋದರು. ಮಾವನವರು ತಾಟು ಹಾಕಿಕೊಂಡು ಕೂರಲಿಲ್ಲ. ನೀರು ಬೇಕೇನ್ರಿ ಎಂದೂ ಕೇಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದರು. ಇಷ್ಟು ಸುಲಭವಿತ್ತೇ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಆಮೇಲೆ ಉಳಿದದ್ದು ರೊಟ್ಟಿ. ಮಾವನವರು ಕೋಣೆಗೆ ಬಂದು ಬುಟ್ಟಿಯ ಎದುರು ಕುಳಿತರು. "ಒಯ್ದು ಕೊಟ್ಟು ಬರ್ಲೇನು ಯವ್ವಾ?" ಎಂದರು. ಹೇಗೆ ಕೊಡುವುದು? ಇಲ್ಲ ಎಂದ ಊಟವನ್ನು ಹೊತ್ತುಕೊಂಡು ಹೋಗಿ ಏನೆಂದು ಕೊಡುವುದು? ಮಲಗಿದ್ದಾಳೆ ಎಂದವಳು ಎದ್ದು ಇಷ್ಟು ರೊಟ್ಟಿ ಬಡಿದಳು ಎನ್ನುವುದೇ? ಅವರು ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರ, ಬಿಸ್ಕತ್ತು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ನಾವಿಬ್ಬರೂ ರೊಟ್ಟಿ ತುಂಬಿದ ಬುಟ್ಟಿಯನ್ನು ನೋಡುತ್ತ ಕುಳಿತೆವು, ಒಂದು ಚೂರೂ ಮುರಿಯಲಿಲ್ಲ.

ಸಂಜೆ ಕೆಲಸ ಬಿಟ್ಟ ಮೇಲೆ ಬಾಗಿಲಲ್ಲಿ ಅವಳ ದನಿ ಕೇಳಿತು. "ಯಪ್ಪಾ, ಅಕ್ಕಾರನ್ನ ನೋಡಿ ಹೋಗ್ತೀನ್ರಿ." ಮಾವನವರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ನಾನು ಏನು ಮಾಡಿದೆ? ಮಂಚದ ಮೇಲೆ ಬಿದ್ದು ಚಾದರ ಎಳೆದುಕೊಂಡೆ. ಸಂತೆಯಲ್ಲಿ ಗಂಡಸರ ಜೊತೆ ಜಗಳ ಮಾಡಿ ಜೋಳ ತರುವ ಹೆಂಗಸು, ಶಾಲೆ ತಪ್ಪಿಸುವ ಮಗುವಿನ ಹಾಗೆ ಕಣ್ಣು ಮುಚ್ಚಿ ಮಲಗಿದೆ.

ಅವಳು ಒಳಗೆ ಬಂದಳು. ಕೈಯಲ್ಲಿ ಬಾಳೆಹಣ್ಣು ಹಿಡಿದಿದ್ದಳು. ಇಡಲು ಜಾಗ ಹುಡುಕಿ ಬುಟ್ಟಿಯ ಕಡೆ ತಿರುಗಿದಳು. ನಾನು ಮುಚ್ಚಿದ್ದ ಬಟ್ಟೆ ಚಿಕ್ಕದು, ರೊಟ್ಟಿಯ ರಾಶಿ ಅದಕ್ಕಿಂತ ದೊಡ್ಡದು. ಅರೆಗಣ್ಣಲ್ಲಿ ನಾನು ನೋಡುತ್ತಿದ್ದೆ. ಅವಳು ರೊಟ್ಟಿ ನೋಡಿದಳು. ಮಂಚದ ಕೆಳಗೆ ಸಾಲಾಗಿದ್ದ ಬೋಗುಣಿಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಹಣ್ಣನ್ನು ನನ್ನ ತಲೆದಿಂಬಿನ ಪಕ್ಕದಲ್ಲಿಟ್ಟಳು. ಬಾಗಿ ನನ್ನ ಹಣೆಯ ಮೇಲೆ ಕೈಯಿಟ್ಟಳು. ಒರಟು ಕೈ, ಸಿಮೆಂಟಿನಿಂದ ಬಿರುಕು ಬಿಟ್ಟದ್ದು, ತಣ್ಣಗಿತ್ತು.

"ಜ್ವರಾ ಏನಿಲ್ಲ ಬಿಡ್ರಿ ಅಕ್ಕಾರ" ಎಂದಳು. "ನಾಳಿಗೆ ಆರಾಮ ಆಗ್ತೀರಿ."

ಅವಳು ಹೋದ ಮೇಲೂ ನಾನು ಬಹಳ ಹೊತ್ತು ಏಳಲಿಲ್ಲ. ಅಳು ಬಂತೇ? ಬಂತು. ಮಾವನವರು ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು, ಒಳಗೆ ಬರಲಿಲ್ಲ.

ನಮ್ಮ ಸಾಲಿಗೆ ಸಹಾಯ ಬಂತು. ಚಾಚಾನ ಅಂಗಡಿ ಉಳಿಯಿತು. ಮೊನ್ನೆ ಕೂಡ ಹೋಗಿ ನೋಡಿದೆ, ಯಂತ್ರವೊಂದರ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದರು. ಚೆಕ್ ಹಂಚುವ ದಿನ ವೇದಿಕೆಗೆ ಕರೆದಾಗ ಮಾವನವರು ಹೋಗಲೊಲ್ಲೆ ಎಂದು ಕುಳಿತರು, ನನ್ನ ಗಂಡ ರಜೆ ಹಾಕಿ ಹೋಗಿ ತಂದರು. ಆ ದುಡ್ಡು ನಮಗೆ ಬೇಕಿತ್ತು. ಬೇಕಿರಲಿಲ್ಲ ಎಂದು ದೊಡ್ಡಸ್ತಿಕೆ ಹೇಳಿದರೆ ಸುಳ್ಳಾಗುತ್ತದೆ. ಆ ರೊಟ್ಟಿಗಳನ್ನು ಮಾಳಿಗೆಯ ಮೇಲೆ ಒಣಗಿಸಿ ಕಡಕ್ ರೊಟ್ಟಿ ಮಾಡಿದೆ. ಎಷ್ಟೋ ದಿನ ನಾವೇ ತಿಂದೆವು. ಮೂವರೂ ಕುಳಿತು ಅಗಿಯುವಾಗ ಕಟಕಟ ಎನ್ನುವ ಸದ್ದು ಬಿಟ್ಟರೆ ಮನೆಯಲ್ಲಿ ಮಾತಿರುತ್ತಿರಲಿಲ್ಲ.

ಕೆಲಸದವರು ಮಾರನೆಯ ದಿನದಿಂದಲೇ ಮತ್ತೆ ಬಂದರು. ಅವಳು ಯಾರಿಗೂ ಹೇಳಿರಲಿಲ್ಲ, ಅದು ನನಗೆ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅದೇ ಬೆಂಚು, ಅದೇ ಮಾತು, ನಗು. ಅವಳೂ ಮೊದಲಿನ ಹಾಗೆ ಹೆಲ್ಮೆಟ್ ತೆಗೆದು ಬೆಂಚಿನ ಕೆಳಗಿಟ್ಟು ಕೂರುತ್ತಿದ್ದಳು. ಒಂದೇ ಒಂದು ಬದಲಾಗಿತ್ತು. ಬಂದವರು ಡ್ರಮ್ಮಿಗೆ ಕೈ ಹಾಕುತ್ತಿರಲಿಲ್ಲ. ಸಿಮೆಂಟಿನ ಕೈಗಳನ್ನು ಹಾಗೇ ಕೆಳಗೆ ಬಿಟ್ಟುಕೊಂಡು ತಗಡಿನ ಪಕ್ಕ ಸಾಲಾಗಿ ನಿಲ್ಲುತ್ತಿದ್ದರು. ಅವರಲ್ಲೊಬ್ಬರು ಮುಂದೆ ಬಂದು ಕೇಳುತ್ತಿದ್ದರು.

"ಯಪ್ಪಾ, ಇವತ್ತ ಊಟ ಐತೇನ್ರಿ?"

ಕುಚೋದ್ಯವಲ್ಲ, ಸಿಟ್ಟಲ್ಲ. ಕೇಳಿ ತಿಳಿದುಕೊಂಡು ಕೈ ತೊಳೆಯುವುದು ಒಳ್ಳೆಯದು ಎಂದು ಅವರು ಕಲಿತಿದ್ದರು, ಕಲಿಸಿದವರು ನಾವು. ಮಾವನವರು ಅದಕ್ಕೆ ಊಟದ ಹೊತ್ತಿಗೆ ಮೊದಲೇ ಹೊರಗೆ ಹೋಗಿ ನಿಲ್ಲತೊಡಗಿದರು. ತಗಡಿನ ಆ ಕಡೆ ಸದ್ದು ನಿಲ್ಲುತ್ತಿದ್ದ ಹಾಗೆ, ಅವರಿನ್ನೂ ಕಣ್ಣಿಗೆ ಬೀಳುವ ಮೊದಲೇ, "ಐತ್ರೋ, ಊಟ ಐತಿ, ಬರ್ರಿ" ಎಂದು ಕೂಗುತ್ತಿದ್ದರು. ಚೊಂಬಿನಲ್ಲಿ ತಾವೇ ನೀರು ತುಂಬಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಕೆಲಸದವರು ಬರುತ್ತಿದ್ದರು, ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದರು, ನೀರು ಹಿಡಿದು ನಿಂತ ಮುದುಕನನ್ನು ನೋಡಿ, ಆದರೂ ಒಮ್ಮೆ ಕೇಳಿಯೇ ಕೈ ಮುಂದೆ ಚಾಚುತ್ತಿದ್ದರು. ತಗಡು ತೆಗೆದು ರಸ್ತೆ ಬಿಡುವ ದಿನದ ತನಕವೂ ಕೇಳಿದರು.